ಬ್ಯಾಟು ಬೀಸದ ಹುಡುಗಿಯ ಸರಾಸರಿ

ಚಿಂತೆ ಮಾಡುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆ. ಬಸ್ಸು ತಪ್ಪುತ್ತದೆ, ಗ್ಯಾಸ್ ಆರಿಸಿಲ್ಲ, ಎಡಗೈ ಜೋಮು ಹಿಡಿದದ್ದು ಹೃದಯದ್ದೇ ಇರಬೇಕು. ಇವೆಲ್ಲ ನನ್ನ ದಿನನಿತ್ಯದ ಭವಿಷ್ಯವಾಣಿಗಳು. ಇವತ್ತಿನವರೆಗೆ ಒಂದೂ ನಿಜವಾಗಿಲ್ಲ. ಇಂಥವನನ್ನು ಹೊನ್ನಾಳಿಯ ಕಾಲೇಜೊಂದು ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿ ಇಟ್ಟುಕೊಂಡಿರುವುದು ಅದರ ದೊಡ್ಡತನ.

ಹೋದ ವರ್ಷ ನಮ್ಮ ಆಟದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಜಿಲ್ಲೆಯ ಹುಡುಗಿಯರ ಬೇಸ್‌ಬಾಲ್ ತಂಡ ಆರಿಸುವ ಹೊಣೆ ಅವರ ಮೇಲೆ ಬಿದ್ದಿತ್ತು.

"ಯಾರನ್ನ ಬಿಟ್ರೂ ನಮ್ಮ ತಾಲ್ಲೂಕಿನ ಹುಡುಗೀನ ಬಿಟ್ರಿ ಅಂತ ಜಗಳಕ್ಕೆ ಬರ್ತಾರೆ. ನೀವು ಅಂಕಿಸಂಖ್ಯೆ ಹಾಕಿ ಪಟ್ಟಿ ಕೊಡ್ರಿ ಸಾರ್. ಕಂಪ್ಯೂಟರ್ ಹೇಳೇತೆ ಅಂದ್ರೆ ಬಾಯಿ ಮುಚ್ಕೊಂತಾರೆ."

"ನನಗೆ ಬೇಸ್‌ಬಾಲ್ ಗೊತ್ತಿಲ್ಲ ರೀ."

"ಅದಕ್ಕೇ ನಿಮ್ಮನ್ನ ಕೇಳಾಕೆ ಬಂದಿದ್ದು. ಗೊತ್ತಿರೋರೆಲ್ಲ ಆಗ್ಲೇ ಒಬ್ಬೊಬ್ಬರ ಪಾರ್ಟಿ ಸೇರ್ಯಾರೆ."

ಅಮೆರಿಕದವರು ಆಟಗಾರರ ಮುಂದಿನ ವರ್ಷವನ್ನು ಹೇಗೆ ಅಂದಾಜು ಮಾಡುತ್ತಾರೆಂದು ಮೊಬೈಲಿನಲ್ಲಿ ಓದಿದೆ. ವಿಧಾನ ಸರಳ. ಈ ವರ್ಷದ ಆಟಕ್ಕೆ ಹೆಚ್ಚು ತೂಕ, ಹೋದ ವರ್ಷದ್ದಕ್ಕೆ ಕಡಿಮೆ. ಎರಡೇ ಪಂದ್ಯದಲ್ಲಿ ಮಿಂಚಿದವಳನ್ನು ಪೂರ್ತಿ ನಂಬಬಾರದು, ಎಡವಿದವಳನ್ನು ಪೂರ್ತಿ ಕೈಬಿಡಬಾರದು. ಇಬ್ಬರನ್ನೂ ಎಲ್ಲರ ಸರಾಸರಿಯ ಕಡೆಗೆ ಒಂದಿಷ್ಟು ಎಳೆಯಬೇಕು. ಓದಿ ಮನಸ್ಸು ತಂಪಾಯಿತು. ಇದೇ ನಿಯಮವನ್ನು ನನ್ನ ಎಡಗೈಗೆ ಹಚ್ಚಿದ್ದರೆ ಎಷ್ಟೋ ಇಸಿಜಿ ಉಳಿಯುತ್ತಿದ್ದವು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಮೈದಾನಗಳಲ್ಲಿ ನಡೆದ ಪಂದ್ಯಗಳ ಸ್ಕೋರ್ ಪುಸ್ತಕಗಳು ನನ್ನ ಟೇಬಲ್ಲಿಗೆ ಬಂದವು. ಎಲ್ಲವೂ ಕ್ರಿಕೆಟ್ಟಿನ ಪುಸ್ತಕಗಳೇ. ನಮ್ಮ ಕಡೆಯ ಅಂಗಡಿಗಳಲ್ಲಿ ಬೇರೆ ಯಾವುದು ಸಿಗುತ್ತದೆ? ಬರೆದವರೂ ಭಾನುವಾರದ ಕ್ರಿಕೆಟ್ಟಿಗೆ ಸ್ಕೋರ್ ಬರೆದು ಪಳಗಿದ ಕೈಗಳು. ನಾನು ಹೆಸರಿನ ಮುಂದಿನ ಅಂಕಿಗಳನ್ನು ತೆಗೆದುಕೊಂಡೆ, ತೂಗಿದೆ, ಎಳೆದೆ, ಪಟ್ಟಿ ಮಾಡಿದೆ.

ಒಂದು ಶನಿವಾರ ಮಧ್ಯಾಹ್ನ ಚನ್ನಗಿರಿಯ ಮೈದಾನದಲ್ಲಿ ಆಟದ ಮೇಷ್ಟ್ರು ಪಟ್ಟಿ ಓದಿದರು. ಕೊನೆಯ ಹೆಸರು ನನ್ನದೇ ಕಾಲೇಜಿನ ಹುಡುಗಿಯದು. ಅವಳು ಕುಣಿದುಬಿಟ್ಟಳು. ನಾನೂ ಕೈಕುಲುಕಿದೆ. ಸಂಜೆ ಐದರೊಳಗೆ ಹೆಸರುಗಳನ್ನು ಆನ್‌ಲೈನಿಗೆ ಏರಿಸಬೇಕೆಂದು ಮೇಷ್ಟ್ರು ಬೈಕ್ ಹತ್ತಿ ದಾವಣಗೆರೆ ಕಡೆ ಹೊರಟರು.

ಆಗ ಜಗಳೂರಿನ ಒಬ್ಬ ತೆಳ್ಳನೆಯ ಹುಡುಗಿ ನನ್ನ ಮುಂದೆ ಬಂದು ನಿಂತಳು.

"ಸಾರ್, ನಂದು ಯಾಕೆ ಬರ್ಲಿಲ್ಲ?"

"ನಿನ್ನ ಹೆಸರಿನ ಮುಂದೆ ಹೊಡೆತಾನೇ ಇಲ್ವಲ್ಲಮ್ಮ."

"ಹೊಡ್ದಿಲ್ಲ, ಖರೆ. ಆದ್ರೆ ಫಸ್ಟ್ ಬೇಸ್‌ನಾಗೆ ಎಷ್ಟು ಸಲ ನಿಂತೀನಿ ಅಂತ ಬರ್ದೀರಾ? ಅಲ್ಲಿ ನಿಂತು ನಿಂತು, ಅದನ್ನ ಕಾಯೋ ಎದುರು ಟೀಮಿನ ಹುಡುಗಿ ನನಗೆ ಗೆಳತಿ ಆಗ್ಯಾಳೆ. ಅವರಕ್ಕನ ಮದುವೆಗೂ ಕರ್ದಾಳೆ!"

ನಾನು ಕಲ್ಲುಬೆಂಚಿನ ಮೇಲೆ ಕೂತು, ಮೊಬೈಲಿನಲ್ಲಿ ಆಟದ ನಿಯಮ ಹುಡುಕಿ, ಜೊತೆಗೆ ತಂದಿದ್ದ ಪುಸ್ತಕ ಬಿಚ್ಚಿದೆ. ಬೇಸ್‌ಬಾಲಿನಲ್ಲಿ ಆಚೀಚೆ ಹೋಗುವ ಚೆಂಡಿಗೆ ಆಸೆಪಟ್ಟು ಬ್ಯಾಟು ಬೀಸದೆ, ಅಂಥ ನಾಲ್ಕನ್ನು ಬಿಟ್ಟು ನಿಂತವಳಿಗೆ ಓಟದ ಮೊದಲ ತಾಣವಾದ ಫಸ್ಟ್ ಬೇಸ್ ಪುಕ್ಕಟೆ. ಹೊಡೆದು ಅಲ್ಲಿಗೆ ಮುಟ್ಟಿದಷ್ಟೇ ಬೆಲೆ, ಹೆಚ್ಚುಕಡಿಮೆ. ನಮ್ಮ ಸ್ಕೋರರುಗಳು ಅದನ್ನೆಲ್ಲ ವೈಡ್ ಎಂದು ತಿಳಿದು 'ಎಕ್ಸ್‌ಟ್ರಾ' ಕಾಲಂಗೆ ಹಾಕಿದ್ದರು. ವೈಡು ಬೌಲರನ ತಪ್ಪು, ಅದರಲ್ಲಿ ಬ್ಯಾಟು ಹಿಡಿದವರ ಸಾಧನೆ ಏನೂ ಇಲ್ಲ ಎಂದು ಚಡ್ಡಿ ಹಾಕುವ ವಯಸ್ಸಿನಿಂದ ನಂಬಿದ ನಾನೂ ಆ ಕಾಲಂ ಕಡೆ ತಿರುಗಿ ನೋಡಿರಲಿಲ್ಲ. ಪುಣ್ಯಕ್ಕೆ ಪ್ರತಿ ಗುರುತಿನ ಪಕ್ಕ ಪೆನ್ಸಿಲ್ಲಿನಲ್ಲಿ ಬ್ಯಾಟು ಹಿಡಿದವಳ ಜೆರ್ಸಿ ನಂಬರಿತ್ತು. ಎಲ್ಲರದನ್ನೂ ಮತ್ತೆ ಕೂಡಿದೆ. ಎಷ್ಟೇ ಸರಾಸರಿಯ ಕಡೆ ಎಳೆದರೂ ಈ ಹುಡುಗಿ ಮೇಲಿನ ಮೂವರಿಂದ ಕೆಳಗಿಳಿಯಲಿಲ್ಲ.

ಮೇಷ್ಟ್ರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಬೈಕಿನ ಮೇಲೆ ಅವರು ಫೋನು ಎತ್ತುವುದಿಲ್ಲ. ಎತ್ತಬಾರದೆಂದು ಉಪದೇಶ ಮಾಡಿದವನೂ ನಾನೇ. ಹತ್ತು ಸಲ ಮಾಡಿದೆ. ಹುಡುಗಿ ಊರಿಗೆ ಹೋಗದೆ ಎದುರಿಗೇ ನಿಂತಿದ್ದಳು.

"ಸಾರ್, ನೀರು ಕುಡೀರಿ. ಆಮೇಲೆ ಇನ್ನೊಂದು ಸಲ ಮಾಡ್ರಿ."

ಮೂರೂವರೆಗೆ ಅವರೇ ವಾಪಸ್ ಮಾಡಿದರು.

"ಏನ್ರೀ, ಮನೇಲಿ ಎಲ್ಲ ಆರಾಮಾ? ಇಷ್ಟೊಂದು ಮಿಸ್ಡ್ ಕಾಲು!"

ಹೇಳಿದೆ. ಲಾರಿಗಳ ಸದ್ದಿನ ನಡುವೆ ಅವರು ಇನ್ನೊಂದು ಸಲ ಹೇಳಿಸಿಕೊಂಡರು.

"ಸೇರಿಸಾಕೆ ಅಡ್ಡಿಯಿಲ್ಲ. ಆದ್ರೆ ಕೊನೇದ್ದು ತೆಗೀಬೇಕು. ಅದು ನಮ್ಮ ಹುಡುಗಿ ರೀ."

"ಗೊತ್ತು. ತೆಗೀರಿ."

"ಅಕಿಗೆ ನೀವೇ ಹೇಳ್ರಿ, ಮಾರಾಯ್ರೇ. ನನ್ನ ಕೈಲಾಗಲ್ಲ."

ಜಗಳೂರಿನ ಹುಡುಗಿ ಥ್ಯಾಂಕ್ಸ್ ಕೂಡ ಹೇಳದೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಹೇಳುವಂಥದ್ದನ್ನು ನಾನೇನೂ ಮಾಡಿರಲಿಲ್ಲ.

ಸೋಮವಾರದವರೆಗೆ ನನಗೆ ಅನ್ನ ಸೇರಲಿಲ್ಲ. ನಮ್ಮ ಹುಡುಗಿ ಅಳುತ್ತಾಳೆ, ಅವರಪ್ಪ ಬರುತ್ತಾರೆ, ಪ್ರಿನ್ಸಿಪಾಲರಿಗೆ ದೂರು ಹೋಗುತ್ತದೆ ಎಂದು ಸಾಲುಸಾಲಾಗಿ ಅಂದಾಜು ಹಾಕಿದೆ. ಸೋಮವಾರ ವಿಷಯ ಹೇಳಿದಾಗ ಅವಳು ಅಳಲಿಲ್ಲ.

"ಲೆಕ್ಕ ತೋರಿಸ್ರಿ ಸಾರ್."

ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಪುಸ್ತಕಗಳನ್ನು ಹರಡಿದೆ. ಪ್ರತಿ ಸಾಲಿಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಕೂಡಿದಳು. ಮೊದಲನೇ ಬೆಂಚಿನಲ್ಲಿ ಕೂರುವ ಹುಡುಗಿ, ತಪ್ಪು ಹಿಡಿಯುವುದರಲ್ಲಿ ಜಾಣೆ. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ನಾನು ಮನೆದೇವರಿಗೆ ಬೇಡಿಕೊಂಡೆ.

ಸಿಗಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು.

"ಹಂಗಾರೆ ಬರೋ ವರ್ಷ ನಾನೂ ಬೀಸದೇ ನಿಂತ್ಕಂತೀನಿ."

"ನಿಲ್ಲೋದು ಸುಲಭ ಅಲ್ಲಮ್ಮ. ಕೈ ತಡೀಬೇಕು."

"ಗೊತ್ತು ಬಿಡ್ರಿ. ಈಗ ತಡಕಂಡೇ ಕುಂತೀನಲ್ಲ," ಎಂದು ಬ್ಯಾಗು ಹೆಗಲಿಗೇರಿಸಿ ಕ್ಲಾಸಿಗೆ ಹೋದಳು. ಅದು ನನ್ನದೇ ಕ್ಲಾಸು. ಹತ್ತು ನಿಮಿಷ ತಡವಾಗಿ ಹೋದೆ.