ಅರಗು ಮೆತ್ತಿದ ಕಾರು

ಅವರ ಬಲಗೈ ಹೆಬ್ಬೆರಳಿನ ಉಗುರಂಚು ಸದಾ ಕೆಂಪಗಿರುತ್ತಿತ್ತು. ಬೊಂಬೆಗೆ ಹಚ್ಚುವ ಅರಗು ಅದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಹಿಡಿದುಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ಒರೆಸಿ ಹೊಳಪು ಬರಿಸುತ್ತಾರೆ. ಊಟಕ್ಕೆ ಕೂತಾಗಲೂ ಬೆರಳಿನ ಬಣ್ಣ ಹೋಗುತ್ತಿರಲಿಲ್ಲ. ಅದು ಕೆಂಪೋ ಕಿತ್ತಳೆಯೋ ಎಂದು ಈಗ ಯಾರಾದರೂ ಒತ್ತಾಯಿಸಿ ಕೇಳಿದರೆ ತಡವರಿಸುತ್ತೇನೆ. ಕೆಂಪು ಎಂದೇ ಇಟ್ಟುಕೊಂಡಿದ್ದೇನೆ.

ಚನ್ನಪಟ್ಟಣದಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಅವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೆಳಗೆ ಅವರೊಬ್ಬರೇ, ಮೇಲೆ ನಾನೊಬ್ಬನೇ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ತಾತ್ಕಾಲಿಕ ಕೆಲಸ ನನ್ನದು. ಯಾವ ಊರಲ್ಲೂ ಬೇರು ಬಿಟ್ಟವನಲ್ಲ. ಸಂಜೆ ಕೆಳಗೆ ಮರ ತಿರುಗುವ ಸದ್ದು ನಿಂತರೆ ಇಡೀ ಮನೆ ಮೌನ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಬುಡದಿಂದ ಕೂಗು ಬರುತ್ತಿತ್ತು: "ಮೇಷ್ಟ್ರೇ, ಟೀ ಒಸಿ ಜಾಸ್ತಿ ಆಗ್ಬುಟೈತೆ, ಬನ್ನಿ."

ಟೀ ದಿನವೂ ಜಾಸ್ತಿಯಾಗುತ್ತಿತ್ತು.

ಅಂಗಳದಲ್ಲಿ ಅವರ ಅಪ್ಪನ ಕಾಲದ ಕಾರೊಂದಿತ್ತು. ಊರೊಳಗೆ ಓಡಾಡುವಾಗ ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ದೂರ ಹೋಗಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ, ನಿಲ್ಲಿಸಲು ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಆಫ್. ಮತ್ತೆ ಶುರುವಾಗಬೇಕಾದರೆ ಜನ ಸೇರಿ ತಳ್ಳಬೇಕು.

ಅಮಾವಾಸ್ಯೆಯ ದಿನ ಅವರು ಬೊಂಬೆ ಕೆಲಸಕ್ಕೆ ರಜೆ ಮಾಡಿ ಆ ಕಾರಿನಲ್ಲಿ ಮಾಗಡಿ ಕಡೆ ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಗುಡೇಮಾರನಹಳ್ಳಿಯಲ್ಲಿ ಅವರ ತಮ್ಮನ ಮನೆ. ಅವ್ವನ ತಿಥಿಯಲ್ಲಿ ಮೊದಲ ಎಡೆ ಯಾರು ಇಡಬೇಕು ಎಂಬುದಕ್ಕೆ ಮಾತು ಬೆಳೆದಿತ್ತಂತೆ. ಹಿರಿಯವನು ಅಣ್ಣ, ಕೊನೆಗಾಲದಲ್ಲಿ ಅವ್ವನನ್ನು ನೋಡಿಕೊಂಡವನು ತಮ್ಮ. ಅವತ್ತಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ಮನೆ ಹತ್ತಿರ ಬಂದಾಗ ಕಾರು ನಡಿಗೆಯ ವೇಗಕ್ಕಿಳಿಯಿತು. ಜಗಲಿಯ ಮೇಲೆ ಕೂತಿದ್ದ ಆ ತಮ್ಮ ಎದ್ದು ನಿಂತರು. ಕಾರು ಹಾಗೇ ಮುಂದೆ ಹೋಯಿತು.

"ನಿಲ್ಲಿಸಲ್ವಾ ಯಜಮಾನ್ರೇ?" ಎಂದೆ.

"ನಿಲ್ಸುದ್ರೆ ಆಫಾಯ್ತದೆ ಮೇಷ್ಟ್ರೇ. ಆಮೇಲೆ ಅವನತ್ರ ತಳ್ಳೋ ಅಂತ ಕೇಳಾನಾ? ಸತ್ರೂ ಇಲ್ಲ."

ಊರಿಗೆ ಬಂದ ಮೇಲೆ ನಾನು ಬಾನೆಟ್ ಎತ್ತಿದೆ. ಪ್ಲಗ್ ತಿಕ್ಕಿದೆ, ಪೆಟ್ರೋಲ್ ಪೈಪ್ ಊದಿದೆ, ಏನೂ ಬದಲಾಗಲಿಲ್ಲ. ಎಂಜಿನ್ ಬಿಸಿಯಾಗಿ ಸಾಯುವ ಹೊತ್ತಿಗೆ ಗಾಳಿ ತಡೆಯುವ ಚೋಕ್ ಅರ್ಧ ಎಳೆದು ನೋಡಿದರೆ ಮಾತ್ರ ಬದುಕಿಕೊಳ್ಳುತ್ತಿತ್ತು. ಹಾಗಾದರೆ ಎಲ್ಲೋ ಬೇಡದ ಗಾಳಿ ಒಳಗೆ ಹೋಗುತ್ತಿದೆ. ಕಾರ್ಬ್ಯುರೇಟರ್ ಕೂರುವ ಸಂದಿಗೆ ಸೋಪಿನ ನೀರು ಬಿಟ್ಟಾಗ ಎಂಜಿನ್ನಿನ ದನಿ ಬದಲಾಯಿತು. ಬಗ್ಗಿ ನೋಡಿದರೆ ಸಂದಿ ಮುಚ್ಚುವ ಪ್ಯಾಕಿಂಗ್ ಇರಬೇಕಾದ ಕಡೆ ಕೆಂಪಗೆ ಹೊಳೆಯುವ ಅರಗು.

"ಇದೇನು ಯಜಮಾನ್ರೇ, ಕಾರೋ ಬೊಂಬೆಯೋ?"

"ಪ್ಯಾಕಿಂಗ್ ಹರ್ದೋಗಿತ್ತು, ಕೈಗೆ ಸಿಕ್ಕಿದ್ದು ಮೆತ್ದೆ. ನಗ್ಬೇಡಿ, ಪೆಟ್ರೋಲಿಗೆ ಅದು ಕರಗಾಕಿಲ್ಲ."

"ಬಿಸಿಗೆ ಕರಗುತ್ತಲ್ಲ?"

ಅವರು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡರು. ಬಿಸಿಗೆ ಮೆತ್ತಗಾಗುವುದು ಅರಗಿನ ಗುಣ, ಅವರ ಅನ್ನವೂ ಅದೇ. ಮರೆತು ಮೆತ್ತಿದ್ದರೇ? "ರಿಪೇರಿ ಆಗ್ಬುಟ್ರೆ ನಿಲ್ಸಬೇಕಾಯ್ತದಲ್ಲ" ಎಂದು ಅವರು ಅವತ್ತು ಹೇಳಿದಂತೆ ನನಗೆ ನೆನಪು. ಆ ನೆನಪನ್ನು ನಾನು ನಂಬುವುದಿಲ್ಲ. ಅಷ್ಟು ಅಚ್ಚುಕಟ್ಟಾದ ಮಾತನ್ನು ಯಾರೂ ಆಡುವುದಿಲ್ಲ. ಆಮೇಲೆ ನಾನೇ ಸೇರಿಸಿಕೊಂಡಿರಬೇಕು.

ರಾಮನಗರದಿಂದ ಪ್ಯಾಕಿಂಗ್ ಹಾಳೆ ತಂದು ಅಳತೆಗೆ ಕತ್ತರಿಸಿದೆ. ಅರಗನ್ನು ಕೆರೆದು ತೆಗೆದೆ. ಅವರು ಬೇಡ ಎನ್ನಲಿಲ್ಲ, ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದರು.

ಮುಂದಿನ ಅಮಾವಾಸ್ಯೆಗೆ ಕಾರು ಆ ಮನೆಯ ಮುಂದೆ ನಿಂತಿತು. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ಜಗಲಿಯಿಂದ ತಮ್ಮ ಇಳಿದು ಬಂದು, ಬಾನೆಟ್ ನೋಡುತ್ತಾ, ಯಾರಿಗೆಂದಿಲ್ಲದೆ ಹೇಳಿದರು: "ಗಾಡಿ ಸರಿಹೋದಂಗೈತೆ."

"ಹೂಂ" ಎಂದರು ಇವರು, ಸ್ಟೀರಿಂಗಿಗೆ.

ಅವರ ಕೈ ಕೀಲಿಯ ಹತ್ತಿರ ಹೋಯಿತು. ಆಮೇಲೆ ಗೇರಿಗೆ ಬಂತು. ನಾವು ಹೊರಟೆವು. ರಾಮನಗರ ಹತ್ತಿರವಾದಾಗ ಕೇಳಿದರು: "ಇನ್ಮೇಲೆ ಆಫೇ ಆಗಾಕಿಲ್ಲ, ಅಲ್ವಾ ಮೇಷ್ಟ್ರೇ?" ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಆಮೇಲಿನ ಅಮಾವಾಸ್ಯೆಗಳಲ್ಲಿ ಕಾರು ಅಂಗಳದಲ್ಲೇ ಇತ್ತು. ಒಂದು ಸಂಜೆ ಟೀಗೆ ಕೂಗು ಬರಲಿಲ್ಲ. ಇಳಿದು ಹೋದೆ. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದರು, ಕಾಲ ಬಳಿ ಬಣ್ಣ ಹಚ್ಚದ ಕುದುರೆಗಳು.

ಮಣ್ಣಾದ ಮೇಲೆ ಅವರ ತಮ್ಮ ಬಂದು ಅಂಗಳದಲ್ಲಿ ಕಾರಿನ ಪಕ್ಕ ಕೂತರು.

"ಇದನ್ನ ರಿಪೇರಿ ಮಾಡ್ದೋರು ನೀವೇನಾ ಸಾ?"

"ಹೌದು."

"ಬಿಸಿಯಾದ್ರೆ ಆಫಾಯ್ತದೆ ಅಂತ ಜನ ಹೇಳೋರು. ಅದಕ್ಕೆ ಅಮಾಸೆ ಬಂತು ಅಂದ್ರೆ ನಮ್ಮ ಹುಡುಗ್ರನ್ನ ಹೊಲಕ್ಕೆ ಕಳಿಸ್ತಿರ್ಲಿಲ್ಲ. ಇವತ್ತಾದ್ರೂ ಬಾಗಿಲಲ್ಲಿ ನಿಂತೋಗ್ಲಿ, ತಳ್ಳಕ್ಕಾದ್ರೂ ಕರೀತಾನೆ ಅಂತ ಕಾಯ್ತಿದ್ದೆ."

ಈ ಮಾತನ್ನೂ ನಾನೇ ಸೇರಿಸಿಕೊಂಡೆನೇ ಎಂದು ಅನುಮಾನಿಸಲು ಬಹಳ ಪ್ರಯತ್ನಿಸಿದ್ದೇನೆ. ಆಗಿಲ್ಲ.

ಈಗ ಕನಕಪುರದಲ್ಲಿದ್ದೇನೆ. ಗೋಡೆಯಾಚೆ ಯಾರೋ ಒಬ್ಬರೇ ಇರುತ್ತಾರೆ, ಕೆಮ್ಮುವುದು ಕೇಳಿಸುತ್ತದೆ. ಸಂಜೆ ನಾನೂ ಟೀ ಒಸಿ ಜಾಸ್ತಿಯೇ ಇಡುತ್ತೇನೆ. ಹೋಗಿ ಆ ಬಾಗಿಲು ಬಡಿಯುವುದು ಇನ್ನೂ ಆಗಿಲ್ಲ.