ಬಿನ್ನವತ್ತಳೆಯ ಮೂರನೆಯ ಪರಿಚ್ಛೇದ

ಬರೆಯುವ ಅಭ್ಯಾಸ ನನಗೆ ಕಡಿಮೆ. ಹೇಳುವ ಕ್ರಮ ಹಿಂದುಮುಂದಾದರೆ, ಎಲ್ಲಿಯಾದರೂ ಪದ ಜಾರಿದ್ದರೆ, ಓದುವ ಮಹನೀಯರು ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನಮ್ಮ ವಂಶದಲ್ಲಿ ಅಕ್ಷರವನ್ನು ನಂಬಿ ಬದುಕಲು ಹೊರಟ ಮೊದಲನೆಯವನು ನಾನು. ತಿದ್ದಿ ಹೇಳುವ ಹಿರಿಯರು ಮನೆಯಲ್ಲಿರಲಿಲ್ಲ. ಆದುದರಿಂದ ಒಂದು ಸಾಲು ಬರೆದು, ಅದನ್ನು ಮೂರು ಸಲ ಓದಿ, ನಾಲ್ಕನೆಯ ಸಲ ಅನುಮಾನಪಡುವುದು ಈಗಲೂ ನನ್ನ ಸ್ವಭಾವ.

ಮೊನ್ನೆ ಭಾನುವಾರ ಟ್ರಂಕಿನ ತಳದಲ್ಲಿದ್ದ ನನ್ನ ಬಿ.ಎ. ತರಗತಿಯ ಟಿಪ್ಪಣಿ ಪುಸ್ತಕಗಳನ್ನು ಹೊರತೆಗೆದೆ. ಮೊದಲ ಪುಸ್ತಕವನ್ನು ಬಿಡಿಸಿದೊಡನೆ ಬೇವಿನ ಹೊಗೆಯ ವಾಸನೆ ಕೋಣೆಯನ್ನೆಲ್ಲಾ ತುಂಬಿತು. ಅಡಿಗೆಮನೆಯಿಂದ ನನ್ನ ಹೆಂಡತಿ, "ಏನ್ರೀ ಅದು, ಬಾಣಂತಿ ಕೋಣೆ ವಾಸನೆ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾದದ್ದು; ಅದರಲ್ಲಿ ನನ್ನ ತಪ್ಪೂ ಒಂದು ಸೇರಿಕೊಂಡಿದೆ. ಅವಳಿಗೆ ಹೇಳಲಾರದುದನ್ನು ತಮಗೆ ಹೇಳುತ್ತಿದ್ದೇನೆ.

ನಮ್ಮದು ಅನುಗೊಂಡನಹಳ್ಳಿ ಹೋಬಳಿಯ ಒಂದು ಸಣ್ಣ ಊರು. ರಾಗಿ, ಹುರುಳಿ, ನಾಲ್ಕು ಹುಣಿಸೆ ಮರ, ಒಂದು ಕೆರೆ. ಅಲ್ಲಿ ಪೋಲೀಸಿನವರೆಂದರೆ ಭಯ. ಅಪರಾಧ ಮಾಡಿದವರಿಗೆ ಮಾತ್ರ ಇದ್ದ ಭಯವಾಗಿದ್ದರೆ ಅದಕ್ಕೆ ಅರ್ಥವಿರುತ್ತಿತ್ತು. ನಮ್ಮ ತಂದೆಯವರು ಜೀವನದಲ್ಲಿ ಒಂದು ಸುಳ್ಳನ್ನೂ ನೇರವಾಗಿ ಹೇಳಿದವರಲ್ಲ, ಆದರೂ ಪೋಲೀಸಿನವರ ಕೆಂಪು ರುಮಾಲು ದೂರದಲ್ಲಿ ಕಂಡಿತೆಂದರೆ ರಸ್ತೆ ಬಿಟ್ಟು ಯಾರದೋ ಹೊಲಕ್ಕೆ ಇಳಿದುಬಿಡುತ್ತಿದ್ದರು. ಅಮ್ಮ ಬಾಗಿಲಿಗೆ ಚಿಲಕ ಹಾಕುತ್ತಿದ್ದಳು. ಕಾರಣ ಕೇಳಿದರೆ, "ಅವ್ರ ಸ್ನೇಹಾನೂ ಬ್ಯಾಡ, ಹಗೇನೂ ಬ್ಯಾಡ" ಎನ್ನುತ್ತಿದ್ದಳು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದ ನಾನು ರಜೆಗೆ ಬಂದಾಗಲೆಲ್ಲಾ ಪ್ರಜೆಗಳ ಹಕ್ಕುಬಾಧ್ಯತೆಗಳನ್ನು ಇವರಿಗೆ ವಿವರಿಸುತ್ತಿದ್ದೆ. ಆದರೆ ಗಸ್ತಿನ ಪೋಲೀಸಿನವರು ಬಂದ ದಿನ ನಾನೂ ಚಿಲಕದ ಒಳಗಡೆಯೇ ಇರುತ್ತಿದ್ದೆ.

ಯುದ್ಧ ನಡೆಯುತ್ತಿದ್ದ ಕಾಲ. ಬಿ.ಎ. ಕೊನೆಯ ಪರೀಕ್ಷೆಗೆ ಓದಿಕೊಳ್ಳಲು ನಾನು ಊರಿಗೆ ಬಂದ ಎರಡನೆಯ ವಾರವೇ ಊರಿನಲ್ಲಿ ಇಲಿ ಬಿತ್ತು. ಈಚಿನ ಮಕ್ಕಳಿಗೆ ಈ ಮಾತಿನ ಭೀಕರತೆ ತಿಳಿಯದಿರಲಿ ಎಂದೇ ನನ್ನ ಹಾರೈಕೆ. ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದು ಅರ್ಥ. ನಮ್ಮ ಮನೆಯ ಪಡಸಾಲೆಯಲ್ಲೇ ಎರಡು ಬಿದ್ದಿದ್ದವು. ಉಟ್ಟ ಬಟ್ಟೆಯಲ್ಲಿ, ಒಂದು ಮೂಟೆ ರಾಗಿ ಹಿಟ್ಟಿನೊಂದಿಗೆ ಕೆರೆಯ ಆಚೆಯ ಬಯಲಿನ ಗುಡಿಸಲುಗಳಿಗೆ ಹೊರಟೆವು. ಊರಿಗೆ ಊರೇ ಖಾಲಿಯಾಯಿತು. ಸರ್ಕಾರದವರು ಬಂದು ಮನೆಗಳಿಗೆ ಮೊಹರು ಹಾಕಿದರು. ಅಧಿಕಾರಿಗಳ ಅಪ್ಪಣೆಯಿಲ್ಲದೆ ಯಾರೂ ಒಳಗೆ ಹೋಗಕೂಡದೆಂದು ಡಂಗುರ ಸಾರಿಸಿದರು. ಕಾವಲಿಗೆಂದು ಒಬ್ಬ ಪೋಲೀಸ್ ಪೇದೆಯನ್ನು ಬಿಟ್ಟುಹೋದರು. ಅವರ ಹೆಸರು ಮುನಿವೆಂಕಟಪ್ಪ.

ಯೋಚಿಸಿ ನೋಡಿ: ನಾವೆಲ್ಲ ಯಾವುದಕ್ಕೆ ಹೆದರಿ ಓಡಿದೆವೋ, ಅದರ ನಡುವೆ ಒಬ್ಬರೇ ಒಬ್ಬರು, ಕೈಯಲ್ಲಿ ಒಂದು ಲಾಠಿ, ಬೀದಿಬೀದಿಗೂ ದಿನಕ್ಕೆ ನಾಲ್ಕು ಸುತ್ತು. ಅವರ ಅಡಿಗೆ ಚಾವಡಿಯ ಕಟ್ಟೆಯ ಮೇಲೆ. ಮಾತನಾಡಲು ಊರಿನ ನಾಯಿಗಳು.

ಬಯಲಿಗೆ ಬಂದ ಸಂಜೆಯೇ ನನಗೆ ನೆನಪಾಯಿತು. ಎರಡು ವರ್ಷಗಳಿಂದ ಬರೆದಿಟ್ಟ ಟಿಪ್ಪಣಿ ಪುಸ್ತಕಗಳೆಲ್ಲವೂ ಒಳಗೇ ಉಳಿದಿದ್ದವು. ಪರೀಕ್ಷೆಗೆ ಇಪ್ಪತ್ತೆರಡು ದಿನ. ಇನ್ನೊಂದು ವರ್ಷ ನನ್ನನ್ನು ಓದಿಸುವ ಶಕ್ತಿ ನಮ್ಮ ಮನೆಗಿರಲಿಲ್ಲ. ಈ ಸಲ ತಪ್ಪಿದರೆ ನೇಗಿಲೇ ಗತಿ. ಮರುದಿನ ಮಧ್ಯಾಹ್ನ ಧೈರ್ಯ ಮಾಡಿ ಊರ ಕಡೆ ನಡೆದೆ. ಚಾವಡಿಯ ಹತ್ತಿರವೇ ಮುನಿವೆಂಕಟಪ್ಪನವರು ತಡೆದರು.

"ಎಲ್ಲಿಗಪ್ಪಾ, ಬೀಯೇ?"

ಊರವರು ನನಗೆ ಇಟ್ಟಿದ್ದ ಹೆಸರು ಅವರಿಗೂ ತಿಳಿದಿತ್ತು. ಪುಸ್ತಕದ ವಿಷಯ ಹೇಳಿದೆ. ಪರೀಕ್ಷೆಯ ವಿಷಯವನ್ನೂ ಹೇಳಿದೆ.

"ಪರೀಕ್ಷೆ ಮುಂದಿನ್ ವರ್ಷಾನೂ ಬತ್ತದೆ. ಒಳಕ್ಕೋದ್ರೆ ನೀನು ಬರ್ತೀಯೇನಪ್ಪಾ? ನಡಿ ಆಚೆಗೆ."

ನಾನು ಅಲ್ಲೇ ನಿಂತೆ. ಕಣ್ಣಲ್ಲಿ ನೀರು ಬಂದಿತ್ತೆಂದು ಬರೆಯಲು ಸಂಕೋಚವಾಗುತ್ತದೆ, ಬಂದಿತ್ತು. ಅವರು ಬೇರೆ ಕಡೆ ನೋಡುತ್ತಾ, "ಎಲ್ಲಿಟ್ಟಿದ್ದೀಯ? ಅಟ್ಟದ ಮ್ಯಾಲೋ, ಪೆಟ್ಟಿಗೇಲೋ?" ಎಂದರು.

"ಅಟ್ಟದ ಮೇಲೆ. ಹಸಿರು ಪಂಚೆಯಲ್ಲಿ ಕಟ್ಟಿದೆ."

"ಸರಿ, ನಡಿ."

ನಾಲ್ಕನೆಯ ದಿನ ಬೆಳಗ್ಗೆ ಅವರು ನಮ್ಮ ಗುಡಿಸಲಿನಿಂದ ದೂರದ ಒಂದು ಬಂಡೆಯ ಮೇಲೆ ಗಂಟನ್ನು ಇಟ್ಟು ಕೂಗಿ ಹೇಳಿದರು: "ಎರಡು ದಿವ್ಸ ಬಿಸ್ಲಿಗೆ ಹಾಕಿ ಬೇವಿನ ಹೊಗೆ ಕೊಟ್ಟಿದೀನಿ. ಆ ಪಂಚೆ ಸುಟ್ಟಾಕಿದೀನಿ, ಇದು ನನ್ ಪಂಚೆ. ಮೂಗಿಗೆ ಅಂಟಿಸ್ಕೊಂಡು ಓದ್ಬ್ಯಾಡ!"

"ಒಳಗೆ ನೀವೇ ಹೋಗಿದ್ರಾ?" ಎಂದು ನಾನೂ ಕೂಗಿದೆ.

"ನಂಗೆ ಎರಡ್ ಸಲ ಸೂಜಿ ಚುಚ್ಚವ್ರೆ. ನನ್ ಕಂಡ್ರೆ ಪಿಳೇಗಿಗೇ ಹೆದ್ರಿಕೆ. ಹೋಗೋಗು, ಓದ್ಕೋ."

ಮೂರನೆಯ ದರ್ಜೆಯಲ್ಲಿ ತೇರ್ಗಡೆಯಾದೆ. ಬೇವಿನ ಹೊಗೆಗೆ ಅದಕ್ಕಿಂತ ಹೆಚ್ಚಿನ ಶಕ್ತಿ ಇರಲಿಲ್ಲ.

ಎರಡೂವರೆ ತಿಂಗಳ ಮೇಲೆ ಊರಿಗೆ ಹಿಂತಿರುಗಿದಾಗ ಒಂದು ಮನೆಯಲ್ಲಿಯೂ ಒಂದು ಚೊಂಬು ಹೋಗಿರಲಿಲ್ಲ. ಅಷ್ಟರಲ್ಲೇ ಮುನಿವೆಂಕಟಪ್ಪನವರಿಗೆ ನೆಲಮಂಗಲದ ಕಡೆಗೆ ವರ್ಗವಾಯಿತೆಂದೂ, ಸದ್ಯದಲ್ಲೇ ದಫೇದಾರರಾಗಿ ಬಡ್ತಿಯಾಗುತ್ತದೆಂದೂ ಸುದ್ದಿ ಬಂತು. ಪಟೇಲರು ಚಾವಡಿಯಲ್ಲಿ ಊರನ್ನು ಸೇರಿಸಿ, ಅವರಿಗೊಂದು ಬಿನ್ನವತ್ತಳೆ ಅರ್ಪಿಸೋಣ ಎಂದರು. ದೊಡ್ಡ ಅಧಿಕಾರಿಗಳು ಹೊರಡುವಾಗ ಗುಣಗಳನ್ನು ಹೊಗಳಿ ಬರೆಸಿ, ಸಭೆಯಲ್ಲಿ ಓದಿ, ಕಟ್ಟು ಹಾಕಿಸಿ ಕೊಡುವ ಪತ್ರವದು.

ಶಾನುಭೋಗರು ನಕ್ಕರು. "ಪೇದೆಗೆ ಬಿನ್ನವತ್ತಳೆಯೇನ್ರಿ, ಪಟೇಲ್ರೆ? ನಾಳೆ ತಳವಾರನಿಗೂ ಕೊಡ್ತೀರೋ?"

"ಅಮಲ್ದಾರ್ರಿಗೆ ಕೊಟ್ವಲ್ಲ ಸ್ವಾಮಿ, ಅವ್ರೇನ್ ನಮ್ ಮನೆ ಕಾದಿದ್ರಾ?" ಎಂದರು ಪಟೇಲರು. ಅನಂತರ ನನ್ನ ಕಡೆ ತಿರುಗಿ, "ಬೀಯೇ, ನೀನು ಬರಿಯಪ್ಪ. ಸಂಸ್ಕೃತ ಚೆನ್ನಾಗಿ ಬೀಳ್ಬೇಕು" ಎಂದರು.

ನನ್ನ ಪದವಿಗೆ ಸಿಕ್ಕ ಮೊದಲ ಕೆಲಸ. ಒಂದು ವಾರ ನಿಘಂಟು ಮುಂದಿಟ್ಟುಕೊಂಡು ಕುಳಿತೆ. ಮೊದಲನೆಯ ಪರಿಚ್ಛೇದದಲ್ಲಿ ಅವರನ್ನು ಕರ್ತವ್ಯಪರಾಯಣರೆಂದೆ, ಎರಡನೆಯದರಲ್ಲಿ ಪ್ರಜಾಹಿತಚಿಂತಕರೆಂದೆ. ಓದಿ ನೋಡಿದರೆ ಎಲ್ಲವೂ ಸರಿಯಾಗಿತ್ತು, ಯಾವುದೂ ಅವರಾಗಿರಲಿಲ್ಲ. ವಿದ್ಯಾವಂತನಾದವನು ಹೊಗಳಿಕೆಗೆ ಆಧಾರ ಕೊಡಬೇಕಲ್ಲವೇ? ಮೂರನೆಯ ಪರಿಚ್ಛೇದದಲ್ಲಿ ನಡೆದುದನ್ನು ನಡೆದಂತೆ ಬರೆದೆ: ಮೊಹರಾದ ಮನೆಯೊಳಕ್ಕೆ ಪ್ರಾಣದ ಹಂಗು ತೊರೆದು ಪ್ರವೇಶಿಸಿ, ಒಬ್ಬ ಬಡ ವಿದ್ಯಾರ್ಥಿಯ ಪುಸ್ತಕಗಳನ್ನು ತಂದುಕೊಟ್ಟ ಮಹಾನುಭಾವರು ಇವರು.

ಸಭೆಯ ಹಿಂದಿನ ದಿನ ಅಪ್ಪನಿಗೆ ಓದಿ ಕೇಳಿಸಿದೆ. ತಲೆದೂಗುತ್ತಾ ಕೇಳುತ್ತಿದ್ದವರು ಮೂರನೆಯ ಪರಿಚ್ಛೇದ ಬಂದಾಗ ತಲೆದೂಗುವುದನ್ನು ನಿಲ್ಲಿಸಿದರು. "ಒಳಕ್ಕೋದದ್ದು ಹೇಳ್ಬೇಕಾ ಮಗ?"

"ಸತ್ಯ ಹೇಳಲಿಕ್ಕೆ ಭಯವೇಕಪ್ಪಾ? ನಿಮಗೆ ಇದೆಲ್ಲ ತಿಳಿಯುವುದಿಲ್ಲ" ಎಂದೆ. ಈ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ನಾನು ಆಡಿದ ಮಾತುಗಳಲ್ಲೆಲ್ಲಾ ಹೀನವಾದದ್ದು ಇದೇ.

ಸಭೆಗೆ ಪಟೇಲರು ಪೋಲೀಸ್ ಇನ್‌ಸ್ಪೆಕ್ಟರನ್ನೇ ಕರೆಸಿದ್ದರು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಎರಡನೆಯ ಪರಿಚ್ಛೇದದ ತನಕ ಇನ್‌ಸ್ಪೆಕ್ಟರು ಅರ್ಧ ಕಣ್ಣು ಮುಚ್ಚಿ ತೂಕಡಿಸುತ್ತಿದ್ದರು. ಮೂರನೆಯದು ಮುಗಿಯುವಷ್ಟರಲ್ಲಿ ಕಣ್ಣು ಪೂರ್ತಿ ತೆರೆದಿತ್ತು.

"ಯಾವ ಮನೆ ಅದು? ಮೊಹರು ಇತ್ತಾ, ಇರ್ಲಿಲ್ವಾ?"

ಆಗ ನನಗೆ ಹೊಳೆಯಿತು. ನಾನು ಕೈಯಲ್ಲಿ ಹಿಡಿದಿದ್ದುದು ಹೊಗಳಿಕೆಯ ಪತ್ರವಲ್ಲ, ಆ ಮನುಷ್ಯನ ಮೇಲಿನ ದೂರು. ಅದೂ ಸುಂದರವಾದ ಅಕ್ಷರದಲ್ಲಿ, ಊರವರ ಸಹಿಯೊಂದಿಗೆ. ನನ್ನ ನಾಲಿಗೆ ಮೇಲೇಳಲಿಲ್ಲ. ಎದ್ದವರು ನಮ್ಮ ಅಪ್ಪ.

"ನನ್ ಮನೆ, ಸ್ವಾಮಿ. ಮೊಹರು ಕಿತ್ತೋನೂ ನಾನೇ. ಇವ್ರು ಬ್ಯಾಡ ಬ್ಯಾಡ ಅಂದ್ರು, ನಾ ಕೇಳ್ಲಿಲ್ಲ."

ಜೀವಮಾನದಲ್ಲಿ ನೇರವಾಗಿ ಹೇಳಿದ ಮೊದಲ ಸುಳ್ಳು. ಮುನಿವೆಂಕಟಪ್ಪನವರು ನೆಟ್ಟಗೆ ನಿಂತು ಸಲಾಮು ಹೊಡೆದರು.

"ಸುಳ್ಳು, ಸಾರ್. ಯಜಮಾನ್ರು ಕೆರೆ ದಾಟಿ ಈಚೆಗೆ ಬಂದೇ ಇಲ್ಲ. ಹೋದೋನು ನಾನು."

"ಏನಯ್ಯಾ ಇದು! ಒಬ್ಬನ್ನ ಉಳಿಸೋಕೆ ಒಬ್ಬ" ಎಂದು ಇನ್‌ಸ್ಪೆಕ್ಟರು ಗೊಣಗಿ, ನನ್ನ ಕೈಯಲ್ಲಿದ್ದ ಪತ್ರದ ಕಡೆ ನೋಡಿ, "ಬಾಯಿಮಾತಾಗಿದ್ರೆ ಕೇಳಿಸ್ಲಿಲ್ಲ ಅಂದ್ಬಿಡ್ತಿದ್ದೆ. ಬರ್ದು ಓದ್ಬಿಟ್ಟನಲ್ಲ ಈ ಹುಡುಗ" ಎಂದರು.

ಸಭೆ ಚದುರಿದ ಮೇಲೆ ನಾನು ಮುನಿವೆಂಕಟಪ್ಪನವರ ಹತ್ತಿರ ಹೋಗಿ, ಬೇರೆ ಕಾಗದದಲ್ಲಿ ಮೂರನೆಯ ಪರಿಚ್ಛೇದ ಬಿಟ್ಟು ಬರೆದುಕೊಡುತ್ತೇನೆಂದು ಕೈಮುಗಿದೆ. ಅವರು ಪತ್ರವನ್ನು ಎದೆಗೆ ಒತ್ತಿಕೊಂಡರು.

"ಅದೊಂದನ್ನ ಮಾತ್ರ ತೆಗೀಬ್ಯಾಡ ಕಣಪ್ಪ. ಮಿಕ್ಕಿದ್ದು ಯಾರಿಗ್ ಬೇಕಾದ್ರೂ ಬರೀಬೋದು. ಅದೊಂದೇ ನಂದು."

ವಿಚಾರಣೆಯಾಯಿತು. ಕೆಲಸ ಉಳಿಯಿತು, ಬಡ್ತಿ ಹೋಯಿತು. ಅವರು ಪೇದೆಯಾಗಿಯೇ ನಿವೃತ್ತರಾದರು. ಇದನ್ನು ಬರೆಯುವ ಮೊದಲು ಅವರ ಊರಿಗೆ ಹೋಗಿ ಅಪ್ಪಣೆ ಕೇಳಿದೆ. ನನಗೀಗ ಕೇಳುವ ಅಭ್ಯಾಸವಾಗಿದೆ. "ಪಿಂಚಣಿ ಬತ್ತಾ ಐತೆ. ಇನ್ನು ಯಾವನು ಏನ್ ಕಿತ್ಕೊಂತಾನೆ? ಬರಿ" ಎಂದು ನಕ್ಕರು. ಅವರ ಮನೆಯ ಗೋಡೆಯ ಮೇಲೆ ಆ ಪತ್ರ ಇತ್ತು. ನಾನು ಅದರ ಕಡೆ ನೋಡಿದೆ, ಓದಲಿಲ್ಲ.

ಇದರಿಂದ ನಮ್ಮ ಮನೆಯಲ್ಲಿ ಆದ ಬದಲಾವಣೆಯನ್ನು ಹೇಳಿ ಮುಗಿಸುತ್ತೇನೆ. ಆ ವಿಚಾರಣೆಯಲ್ಲಿ ಮುನಿವೆಂಕಟಪ್ಪನವರ ಪರವಾಗಿ ಹೇಳಿಕೆ ಕೊಡಲು ಅಪ್ಪ ಮೊದಲ ಬಾರಿಗೆ ಠಾಣೆಯ ಒಳಗೆ ಹೋದರು. ನಿಜವನ್ನೇ ಹೇಳಿ ಹೆಬ್ಬೆಟ್ಟು ಒತ್ತಿ ಬಂದರು. ಅಂದಿನಿಂದ ಊರಿನಲ್ಲಿ ಯಾರಿಗೆ ಠಾಣೆಯ ಕೆಲಸವಿದ್ದರೂ ಜೊತೆಗೆ ಅಪ್ಪನನ್ನು ಕರೆಯುತ್ತಾರೆ, ಅಪ್ಪ ಹೋಗುತ್ತಾರೆ. ಗಸ್ತಿಗೆ ಬಂದವರಿಗೆ ಅಮ್ಮ ಜಗಲಿಯಲ್ಲಿ ಚಾಪೆ ಹಾಸಿ ಮಜ್ಜಿಗೆ ಕೊಡುತ್ತಾಳೆ. ನನ್ನ ತಮ್ಮ ಹೋದ ವರ್ಷ ಪೋಲೀಸ್ ಇಲಾಖೆಗೆ ಸೇರುತ್ತೇನೆಂದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಅರ್ಜಿಯನ್ನು ನಾನು ಬರೆದುಕೊಡುತ್ತೇನೆಂದು ಕಾಗದ ತೆಗೆದೆ. ಅಪ್ಪ ಮೃದುವಾಗಿಯೇ, "ನೀನ್ ಬ್ಯಾಡ ಮಗ, ಅವ್ನೇ ಬರ್ಕೊಳ್ಳಿ" ಎಂದರು. ತಮ್ಮ ತಾನೇ ಬರೆದುಕೊಂಡ. ಕೆಲಸ ಸಿಕ್ಕಿತು.