ಒಂದ್ನಿಮಿಷದಣ್ಣನ ಬಿಸಿ ಊಟ

ನಮ್ಮ ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಫೋಟೋ ಸ್ಟುಡಿಯೋ ಇದೆ. ಅದರ ಯಜಮಾನನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇದೆ. ತರಗತಿಯಲ್ಲಿ ಹಾಜರಿ ಹಾಕುವಾಗ ನಾನೇ ಅದನ್ನು ಎಷ್ಟೋ ಸಲ ಕೂಗಿದ್ದೇನೆ. ಆದರೆ ಊರಿಗೆಲ್ಲ ಅವನು ಒಂದ್ನಿಮಿಷದಣ್ಣ.

"ಒಂದ್ನಿಮಿಷ, ಹಾಗೇ ಇರಿ." "ಒಂದ್ನಿಮಿಷ, ಅಜ್ಜಿ ಸ್ವಲ್ಪ ಈ ಕಡೆ ಬರ್ಲಿ." "ಒಂದ್ನಿಮಿಷ, ಮಗು ಅಳು ನಿಲ್ಲಿಸ್ಲಿ." ಇಷ್ಟು ಹೇಳದೆ ಅವನು ಕ್ಯಾಮೆರಾದ ಗುಂಡಿ ಒತ್ತಿದ್ದನ್ನು ಕಂಡವರಿಲ್ಲ. ಹೆಂಡತಿ ಊಟಕ್ಕೆ ಕರೆದರೂ ಅದೇ ಉತ್ತರ. ಅವನ ನಿಮಿಷ ಗಡಿಯಾರದ ನಿಮಿಷವಲ್ಲ, ರಬ್ಬರಿನದು. ಎಳೆದಷ್ಟೂ ಉದ್ದವಾಗುತ್ತದೆ.

ಮದುವೆ ಮನೆಯಲ್ಲಿ ಫೋಟೋ ತೆಗೆಯುವವನು ಎಲ್ಲರಿಗಿಂತ ಕೊನೆಗೆ ಉಣ್ಣಬೇಕೆಂದು ಯಾರೂ ವಿಧಿಸಿಲ್ಲ. ಆದರೂ ಅದು ಹಾಗೆಯೇ ನಡೆದು ಬಂದಿದೆ. ನೆಂಟರು ಉಣ್ಣುವಾಗ ಅವರ ಚಿತ್ರ ತೆಗೆಯಬೇಕು. ಮದುಮಕ್ಕಳು ಉಣ್ಣುವಾಗ ಅವರದು. ಆಮೇಲೆ ಉಡುಗೊರೆ ಕೊಡುವವರ ಸಾಲು. ಎಲ್ಲ ಮುಗಿದು, ಬಡಿಸುವವರೂ ಅಡುಗೆಯವರೂ ಪಾತ್ರೆಯ ತಳ ಕೆರೆದುಕೊಂಡು ಕೂರುವ ಹೊತ್ತಿಗೆ ಅವನ ಎಲೆ ಬೀಳುತ್ತದೆ. ಅನ್ನ ಆರಿ ಉದುರಾಗಿರುತ್ತದೆ, ಸಾರಿನ ಮೇಲೆ ಕೆನೆ ಕಟ್ಟಿರುತ್ತದೆ. ಅವನು ಅದನ್ನೇ ಚಪ್ಪರಿಸಿಕೊಂಡು ಉಣ್ಣುತ್ತಾನೆ. ರುಚಿ ಬಲ್ಲವನು ಅವನು. "ಮೇಷ್ಟ್ರೇ, ಬಿಸಿಯಲ್ಲಿ ನಾಲಿಗೆಗೆ ಬಿಸಿ ಮಾತ್ರ ಗೊತ್ತಾಗೋದು. ಆರಿದ ಮೇಲೇ ಉಪ್ಪು ಎಷ್ಟು, ಹುಳಿ ಎಷ್ಟು ಅಂತ ತಿಳಿಯೋದು," ಎಂದು ನನಗೇ ಪಾಠ ಹೇಳಿದ್ದಾನೆ.

ಅವನ ಹೆಂಡತಿ ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿ ಆಲ್ಬಂ ಅಂಟಿಸುತ್ತಾಳೆ. ಕಿಟಕಿಯ ಪಕ್ಕ ಒಂದು ಮರದ ಮೇಜು, ಅಂಚು ಕತ್ತರಿಸುವ ಯಂತ್ರ, ಅಂಟಿನ ಡಬ್ಬಿ, ಬೆರಳು ಒರೆಸಿಕೊಳ್ಳಲು ಒಂದು ಹಳೆಯ ಬಟ್ಟೆ. ಊರಿನವರು ಬಾಯಿ ತೆರೆದು ತುತ್ತು ಇಟ್ಟುಕೊಂಡ ಸಾವಿರಾರು ಚಿತ್ರಗಳನ್ನು ಅವಳು ನೋಡಿದ್ದಾಳೆ. ಅವುಗಳಲ್ಲಿ ತನ್ನ ಗಂಡ ಒಂದರಲ್ಲೂ ಇಲ್ಲವೆಂಬುದು ಅವಳಿಗೆ ಬಹಳ ಕಾಲ ವಿಚಿತ್ರವೆನಿಸಿರಲಿಲ್ಲ. ಕನ್ನಡಕ ಹಾಕಿಕೊಂಡವನಿಗೆ ಕನ್ನಡಕ ಕಾಣಿಸದಲ್ಲ, ಹಾಗೆ.

ಕಾಣಿಸಿದ್ದು ಮಗಳ ಮದುವೆಯ ಆಲ್ಬಂ ಅಂಟಿಸುವಾಗ. ಬೇರೆ ಫೋಟೋಗ್ರಾಫರನ್ನು ಕರೆಸು ಎಂದು ಎಲ್ಲರೂ ಹೇಳಿದ್ದೆವು. "ನನ್ನ ಮಗಳ ಮದುವೆಗೆ ಬೇರೆಯವನ ಕೈಯೇ?" ಎಂದು ಅವನು ಒಪ್ಪಿರಲಿಲ್ಲ. ಊಟದ ಮೇಜಿನ ಚಿತ್ರದಲ್ಲಿ ಮಗಳಿದ್ದಳು, ಅಳಿಯನಿದ್ದ, ಬೀಗರಿದ್ದರು. ಮಗಳ ಎಡಗಡೆಗೆ ಒಂದು ಖಾಲಿ ಕುರ್ಚಿ, ಅದರ ಮುಂದೆ ಬಡಿಸಿಟ್ಟ ಊಟ. ಅದು ಅಪ್ಪನ ಜಾಗ. ಅಪ್ಪ ಕ್ಯಾಮೆರಾದ ಹಿಂದೆ ಇದ್ದ. ಅವಳು ಆ ಚಿತ್ರವನ್ನು ಅಂಟಿಸದೆ ಅಂಟಿನ ಡಬ್ಬಿಯ ಮುಚ್ಚಳ ಹಾಕಿ ಎದ್ದುಬಿಟ್ಟಳಂತೆ. ಇದನ್ನು ನನಗೆ ಹೇಳಿದವರು ನಮ್ಮ ಮನೆಯವರು. ಆ ಇಬ್ಬರು ಹೆಂಗಸರೂ ಸಂಜೆ ಒಟ್ಟಿಗೆ ತರಕಾರಿಗೆ ಹೋಗುವವರು.

ಮರುವರ್ಷ ನಮ್ಮ ಬೀದಿಯ ಒಂದಷ್ಟು ಮಂದಿ ಸೇರಿ ವಿದೇಶ ಪ್ರವಾಸ ಹೊರಟೆವು. ಒಂದ್ನಿಮಿಷದಣ್ಣ ಎಲ್ಲರಿಗಿಂತ ಮೊದಲು ಹೂಂ ಎಂದ. ಹೊಸ ಬೆಳಕು, ಹೊಸ ಮುಖಗಳು, ಹೊಸ ತಿಂಡಿಗಳು! ವಿಮಾನ ನಿಲ್ದಾಣದಲ್ಲಿ ಅವನ ಹೆಂಡತಿ ನಮ್ಮೆಲ್ಲರೆದುರು ಒಂದು ಕರಾರು ಹಾಕಿದಳು.

"ನೋಡಿ ರೀ, ಕ್ಯಾಮೆರಾ ತರಬೇಡಿ ಅಂತ ನಾನು ಹೇಳಲ್ಲ. ಮೀನಿಗೆ ಈಜಬೇಡ ಅಂದ ಹಾಗಾಗುತ್ತೆ. ಒಂದೇ ಒಂದು ಊಟ. ಬಿಸಿ ಇರುವಾಗ, ನನ್ನ ಪಕ್ಕ ಕೂತು, ಕೊನೇ ತುತ್ತಿನವರೆಗೆ ಏಳದೆ ಉಣ್ಣಬೇಕು. ಅಷ್ಟಾದ್ರೆ ಸಾಕು, ಉಳಿದ ಹೊತ್ತೆಲ್ಲ ನಿಮ್ಮದೇ."

"ಇಷ್ಟೇನಾ? ಮೊದಲನೇ ದಿನವೇ ಮುಗಿಸಿಬಿಡ್ತೀನಿ ಕಣೇ."

"ಮೇಷ್ಟ್ರು ಸಾಕ್ಷಿ," ಎಂದಳು ಅವಳು. ನಾನು ತಲೆಯಾಡಿಸಿದೆ.

ಮೊದಲನೆಯ ದಿನ ಹೋಟೆಲಿನ ತಿಂಡಿಯ ಕೋಣೆಯಲ್ಲಿ ಕೂತೆವು. ಕಿಟಕಿಯಿಂದ ಓರೆಯಾಗಿ ಬಿಸಿಲು ಬಿದ್ದಿತ್ತು, ಬಟ್ಟಲಿನ ಗಂಜಿಯಿಂದ ಹಬೆ ಏಳುತ್ತಿತ್ತು. ಅವನು ಚಮಚ ಎತ್ತಿದವನು ಹಾಗೇ ಇಳಿಸಿದ. "ಒಂದ್ನಿಮಿಷ. ಹಬೆ ಹಿಡಿಯೋದು ಸುಲಭ ಅಲ್ಲ. ಹಿಂದೆ ಕತ್ತಲಿರಬೇಕು, ಪಕ್ಕದಿಂದ ಬೆಳಕು ಬರಬೇಕು. ಎಲ್ಲಿ, ಆ ಕಪ್ಪು ಶಾಲು ಕೊಡು."

"ಹಬೆ ಹಿಡಿಯೋಕೆ ದೇವರು ಬಾಯಿ ಕೊಟ್ಟಿದ್ದಾನಲ್ಲ ರೀ," ಎಂದಳು ಅವಳು. ಆದರೂ ಶಾಲು ಕೊಟ್ಟಳು. ಚಿತ್ರವೇನೋ ಚೆನ್ನಾಗಿ ಬಂತು. ಗಂಜಿ ಮಾತ್ರ ಅಂಟಿನಂತಾಗಿತ್ತು.

ಮುಂದಿನ ದಿನಗಳದೂ ಅದೇ ಕಥೆ. ಬಂದರಿನ ಸಂತೆಯಲ್ಲಿ ಕೆಂಡದ ಮೇಲೆ ಸುಟ್ಟ ಜೋಳ ಕೈಗೆ ಬಂದಾಗ, ಮಾರುವವಳ ಕೈಬೆರಳುಗಳ ಕರಿ ಅವನ ಕಣ್ಣಿಗೆ ಬಿತ್ತು. ಬೆಟ್ಟದ ಮೇಲಿನ ಚಹಾದಂಗಡಿಯಲ್ಲಿ ಮೂರು ಮುದುಕರು ಒಂದೇ ಸಲ ಸೀನಿದರು. ಅದನ್ನು ಬಿಡಲಾದೀತೇ? ಅವನು ಎಲ್ಲವನ್ನೂ ತಿಂದ, ಎಲ್ಲವನ್ನೂ ಹೊಗಳಿದ. ಎಲ್ಲವನ್ನೂ ಆರಿದ ಮೇಲೆಯೇ ತಿಂದ. ಅವಳೂ ತಿನ್ನದೆ ಕಾಯುತ್ತಿದ್ದಳು. "ನೀನಾದರೂ ಬಿಸಿಯಾಗಿ ತಿನ್ನಮ್ಮ," ಎಂದು ನಮ್ಮ ಮನೆಯವರು ಹೇಳಿದರೆ, "ಒಬ್ಬಳೇ ತಿನ್ನೋಕೆ ಇಷ್ಟು ದೂರ ಯಾಕೆ ಬರಬೇಕಿತ್ತು ಅಕ್ಕ?" ಎನ್ನುತ್ತಿದ್ದಳು. ಮೊದಮೊದಲು ನಗುತ್ತ ಹೇಳುತ್ತಿದ್ದಳು. ಆಮೇಲೆ ನಗು ಹೋಯಿತು, ಮಾತು ಉಳಿಯಿತು. ಕೊನೆಗೆ ಮಾತೂ ನಿಂತಿತು. ಅದು ಅವನಿಗೂ ತಟ್ಟಿತು. ಕೊನೆಯ ದಿನ ಬೆಳಗ್ಗೆ ನನ್ನ ಬಳಿ ಬಂದು, "ಮೇಷ್ಟ್ರೇ, ಇವತ್ತು ಮಧ್ಯಾಹ್ನ ಆಕಾಶ ಕಳಚಿ ಬಿದ್ದರೂ ಏಳಲ್ಲ," ಎಂದ.

ಆ ಮಧ್ಯಾಹ್ನ ನಾವು ಹೋದದ್ದು ಮೆಟ್ಟಿಲು ಬೀದಿಯೊಂದರ ನಡುವೆ ಇದ್ದ ಒಂದು ಊಟದ ಮನೆಗೆ. ಒಂದೇ ಉದ್ದನೆಯ ಕೋಣೆ, ಸುಣ್ಣ ಬಳಿದ ಗೋಡೆ, ಕೊನೆಯಲ್ಲಿ ತೆರೆದ ಒಲೆ. ಯಜಮಾನಿಯೇ ಅಡುಗೆಯವಳು. ದಪ್ಪ ತೋಳಿನ, ಹುಬ್ಬು ಗಂಟಿಕ್ಕಿಕೊಂಡೇ ಪ್ರೀತಿಯಿಂದ ಬಡಿಸುವ ಹೆಂಗಸು. ಕೋಣೆಯ ಆ ಅರ್ಧದಲ್ಲಿ ಒಂದು ಮದುವೆಯ ಊಟ ನಡೆದಿತ್ತು. ಈ ಅರ್ಧದಲ್ಲಿ ನಾವು ಕೂತೆವು. ಒಂದ್ನಿಮಿಷದಣ್ಣ ಮದುವೆಯ ಕಡೆಗೆ ಬೆನ್ನು ಹಾಕಿ ಕೂತ. ಕ್ಯಾಮೆರಾ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದ. ಮೀನು, ಸೊಪ್ಪು ಹಾಕಿ ಕುದಿಸಿದ ಸಾರು ಮಣ್ಣಿನ ಬಟ್ಟಲುಗಳಲ್ಲಿ ಕುದಿಯುತ್ತಲೇ ಬಂತು. ಅವಳು ಗಂಡನ ಕಡೆ ಸರಿದು ಕೂತು, ಚಮಚ ಒರೆಸಿ ಅವನ ಕೈಗೆ ಕೊಟ್ಟಳು.

ಆದರೆ ಎದುರಿನ ಗೋಡೆಯಲ್ಲಿ ಒಂದು ಕನ್ನಡಿ ಇತ್ತು. ಅದರಲ್ಲಿ ಆ ಮದುವೆಯ ಫೋಟೋಗ್ರಾಫರ್ ಕಾಣುತ್ತಿದ್ದ. ನಡುವಯಸ್ಸಿನವನು, ತಲೆ ಬೋಳು, ಕುತ್ತಿಗೆಯಲ್ಲಿ ಎರಡು ಕ್ಯಾಮೆರಾ, ಬೆವರಿಗೆ ಬೆನ್ನಿಗಂಟಿದ ಅಂಗಿ. ಎಲ್ಲರೂ ಉಣ್ಣುತ್ತಿದ್ದರು, ಅವನು ಕಂಬಕ್ಕೆ ಒರಗಿ ನಿಂತು ನೀರು ಕುಡಿಯುತ್ತಿದ್ದ. ಒಂದು ಲೋಟ, ಮತ್ತೊಂದು ಲೋಟ.

"ಅಯ್ಯೋ, ಅದು ಬಾಯಾರಿಕೆ ನೀರಲ್ಲ," ಎಂದ ಒಂದ್ನಿಮಿಷದಣ್ಣ ಮೆಲ್ಲಗೆ. "ಹಸಿವಿಗೆ ಕುಡಿಯೋ ನೀರು. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅವನು." ಚಮಚ ಕೆಳಗಿಟ್ಟ. "ಒಂದ್ನಿಮಿಷ ಕಣೇ."

ನಾನು ಅವಳ ಮುಖ ನೋಡಲಾರದೆ ಬಟ್ಟಲು ನೋಡಿದೆ.

ಒಂದ್ನಿಮಿಷದಣ್ಣ ಎದ್ದು ಕಂಬದ ಬಳಿ ಹೋದ. ಇವನ ಭಾಷೆ ಅವನಿಗೆ ಬಾರದು, ಅವನದು ಇವನಿಗೆ ಬಾರದು. ಇವನು ತನ್ನ ಎದೆ ಮುಟ್ಟಿಕೊಂಡ, ಗುಂಡಿ ಒತ್ತುವ ಸನ್ನೆ ಮಾಡಿದ, ಕುತ್ತಿಗೆಯ ಮೇಲೆ ಕ್ಯಾಮೆರಾದ ಪಟ್ಟಿ ಉಜ್ಜಿ ಕಪ್ಪಾದ ಗುರುತು ತೋರಿಸಿದ. ಅವನು ತನ್ನ ಕುತ್ತಿಗೆ ಮುಟ್ಟಿಕೊಂಡು ನಕ್ಕ. ಇವನು ಕ್ಯಾಮೆರಾ ಕೇಳಿದ. ಅವನು ಹಿಂಜರಿದು ಒಂದನ್ನು ಕೊಟ್ಟ. ಇವನು ಅದನ್ನು ಹಿಡಿದ ರೀತಿ ನೋಡಿದ ಮೇಲೆ ಎರಡನೆಯದನ್ನೂ ಕೊಟ್ಟ. ಮರುಕ್ಷಣ ಒಂದ್ನಿಮಿಷದಣ್ಣ ಅವನ ತೋಳು ಹಿಡಿದು ಎಳೆತಂದು ತನ್ನದೇ ಕುರ್ಚಿಯಲ್ಲಿ ಕೂರಿಸಿ, ತನ್ನದೇ ಸಾರಿನ ಬಟ್ಟಲನ್ನು ಅವನ ಮುಂದೆ ಸರಿಸಿ, ಮದುವೆಯ ಕಡೆಗೆ ಓಡಿದ.

ಹೀಗಾಗಿ ಗಂಡನ ಜೊತೆ ಬಿಸಿ ಊಟ ಮಾಡಲು ಸಮುದ್ರ ದಾಟಿ ಬಂದವಳ ಪಕ್ಕದಲ್ಲಿ ಯಾರೋ ಅಪರಿಚಿತ ಬೋಳುತಲೆಯವನು ಕೂತ.

ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. "ಇದೇನಮ್ಮ, ಊಟದ ಮಧ್ಯೆ ಗಂಡನೇ ಬದಲಾದನಲ್ಲ!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕಣ್ಣಂಚಿನಲ್ಲಿ ನೀರು ನಿಂತಿತ್ತು. ಎದ್ದು ಹೊರಗೆ ಹೋಗುತ್ತಾಳೋ ಏನೋ ಎಂದುಕೊಂಡೆ. ಹೋಗಲಿಲ್ಲ. ಪಕ್ಕದವನು ಉಣ್ಣುವುದನ್ನು ನೋಡುತ್ತ ಕೂತಳು.

ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದ, ಕಾಲುಗಳು ಆಗಲೇ ಮದುವೆಯ ಕಡೆ ತಿರುಗಿದ್ದವು. ಬಟ್ಟಲು ನೋಡುತ್ತಿರಲಿಲ್ಲ, ಕಣ್ಣು ಮದುಮಗಳ ಮೇಲಿತ್ತು. ಅಗಿಯದೆ ನುಂಗುತ್ತಿದ್ದ. ಬಲಗೈಯ ತೋರುಬೆರಳು ಚಮಚದ ಮೇಲೆ ಗುಂಡಿ ಒತ್ತುವ ಹಾಗೆ ಸುಮ್ಮಸುಮ್ಮನೆ ಬಗ್ಗುತ್ತಿತ್ತು. ಗಂಡ ಬೇರೆಯವರ ಮದುವೆ ಮನೆಯಲ್ಲಿ ಉಣ್ಣುವುದನ್ನು ಅವಳು ಕಂಡವಳಲ್ಲ. ಆಲ್ಬಂ ಅಂಟಿಸುವವಳು ಮನೆಯಲ್ಲೇ ಇರುತ್ತಿದ್ದಳಲ್ಲ. ಈಗ ಅದನ್ನೇ ನೋಡುತ್ತಿರುವ ಹಾಗೆ ನೋಡಿದಳು.

"ನಿಧಾನ ಅಣ್ಣ, ನಿಧಾನ," ಎಂದಳು ಕನ್ನಡದಲ್ಲಿಯೇ. "ಮದುಮಗಳು ಎಲ್ಲಿಗೂ ಓಡಿಹೋಗಲ್ಲ." ತನ್ನ ಪಾಲಿನ ರೊಟ್ಟಿಯನ್ನು ಮುರಿದು ಅವನ ಬಟ್ಟಲಿನ ಪಕ್ಕ ಇಟ್ಟಳು. ಅವನಿಗೆ ಮಾತು ತಿಳಿಯಲಿಲ್ಲ, ಧ್ವನಿ ತಿಳಿಯಿತು. ಕಾಲುಗಳನ್ನು ಮೇಜಿನ ಕೆಳಗೆ ತಂದುಕೊಂಡು ನಿಧಾನವಾಗಿ ಉಂಡ. ಉಂಡು ಎದ್ದು, ಎದೆಯ ಮೇಲೆ ಕೈಯಿಟ್ಟು ಬಾಗಿದ.

ಅತ್ತ ಒಂದ್ನಿಮಿಷದಣ್ಣ ರಂಗಕ್ಕೆ ಇಳಿದುಬಿಟ್ಟಿದ್ದ. ಮದುಮಗಳ ಅಜ್ಜನ ಟೊಪ್ಪಿಗೆ ಸರಿಮಾಡಿದ್ದ, ಎತ್ತರದವರನ್ನು ಹಿಂದಕ್ಕೆ ಕಳಿಸಿದ್ದ, ಮುನಿಸಿಕೊಂಡಂತಿದ್ದ ಇಬ್ಬರು ಹೆಂಗಸರನ್ನು ತೋಳಿಗೆ ತೋಳು ಸೇರಿಸಿ ನಿಲ್ಲಿಸಿದ್ದ. ಅವರು ಯಾರು, ಏಕೆ ಮುನಿದವರು, ಬಲ್ಲವರಾರು? ಬೋಳುತಲೆಯವನು ಹೋಗಿ ಕ್ಯಾಮೆರಾಕ್ಕೆ ಕೈ ಚಾಚಿದ. "ಒಂದ್ನಿಮಿಷ ಅಣ್ಣ, ಇದೊಂದು ಗುಂಪು ಮುಗಿಸಿಬಿಡ್ತೀನಿ," ಎಂದ ಇವನು.

ಆಗ ಅವಳು ಎದ್ದು ನಿಂತಳು. ಮೆಲುದನಿಯ ಹೆಂಗಸು. ಆ ದಿನ ಅವಳ ಧ್ವನಿ ಒಲೆಯವರೆಗೂ ಕೇಳಿತು.

"ರೀ! ಅವರ ಮದುವೆಗೆ ಅವರ ಫೋಟೋಗ್ರಾಫರ್ ಇದ್ದಾನೆ. ನನ್ನ ಮದುವೆಗೆ ಯಾರಿದ್ದಾರೆ?"

ಆ ಮಾತಿಗೆ ಅನುವಾದ ಬೇಕಾಗಲಿಲ್ಲ. ಯಜಮಾನಿ ಒಲೆಯ ಬಳಿಯಿಂದ ಬಂದು, ಅವಳು ಮುಟ್ಟದೆ ಬಿಟ್ಟಿದ್ದ ಬಟ್ಟಲನ್ನು ಎತ್ತಿಕೊಂಡು ಹೋದಳು. ಎರಡು ಹೊಸ ಬಟ್ಟಲುಗಳಲ್ಲಿ ಕುದಿಯುವ ಸಾರು ತಂದಿಟ್ಟಳು. ಒಂದ್ನಿಮಿಷದಣ್ಣ ಎರಡೂ ಕ್ಯಾಮೆರಾಗಳನ್ನು ಕಳಚಿ ಕೊಟ್ಟು, ಶಾಲೆಯಲ್ಲಿ ತಡವಾಗಿ ಬಂದ ಹುಡುಗನ ಹಾಗೆ ತಲೆ ತಗ್ಗಿಸಿ ಬಂದು ಕೂತ.

ಮೊದಲನೆಯ ಚಮಚಕ್ಕೇ ಬಾಯಿ ಸುಟ್ಟುಕೊಂಡ. ಕಣ್ಣಲ್ಲಿ ನೀರು ಬಂತು.

"ಊದಿಕೊಂಡು ತಿನ್ನಬೇಕು ರೀ."

"ಮರೆತೇಹೋಗಿದೆ ಕಣೇ."

"ಹೀಗೆ," ಎಂದು ಅವಳು ಅವನ ಚಮಚದ ಮೇಲೆ ಊದಿದಳು. ಅವನು ಕುಡಿದ. ನಾಲಿಗೆ ಚಪ್ಪರಿಸಿ, "ಉಪ್ಪು ಗೊತ್ತಾಗುತ್ತೆ," ಎಂದ. "ಬಿಸಿಯಲ್ಲೂ ಗೊತ್ತಾಗುತ್ತೆ."

ನಡುವೆ ಒಂದು ಸಲ ಕಿಟಕಿಯ ಬಿಸಿಲು ತಿರುಗಿ ಮದುಮಗಳ ಮುಖದ ಮೇಲೆ ಬಿತ್ತು. ಕನ್ನಡಿಯಲ್ಲಿ ನನಗೂ ಕಾಣಿಸಿತು. ಅವನ ಎಡಗೈ ಕುರ್ಚಿಯ ಕೆಳಗಿನ ಚೀಲಕ್ಕೆ ಇಳಿಯಿತು. ಅವಳು ನೋಡಿದಳು. ಆ ಕೈ ಚೀಲವನ್ನು ಮುಟ್ಟಿ, ಹಾಗೆಯೇ ಮೇಲೆ ಬಂದು, ರೊಟ್ಟಿ ಮುರಿಯಿತು.

ಕೊನೆಯ ತುತ್ತು ಬಾಯಲ್ಲಿರುವಾಗ ಬೋಳುತಲೆಯವನು ಎದುರಿಗೆ ಬಂದು ಕ್ಯಾಮೆರಾ ಎತ್ತಿದ. ಬಾಯಿ ತುಂಬಿಕೊಂಡವರ ಚಿತ್ರ ತೆಗೆದೇ ಕೈ ಪಳಗಿದ ನಮ್ಮವನು, ಎಲ್ಲ ನೆಂಟರೂ ಮಾಡುವ ಹಾಗೆ, ಸರಕ್ಕನೆ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಆ ಕೈಯನ್ನು ಹಿಡಿದು ಇಳಿಸಿದಳು. ಬೋಳುತಲೆಯವನು ಒಂದು ಬೆರಳೆತ್ತಿ ತನ್ನ ಭಾಷೆಯಲ್ಲಿ ಏನೋ ಹೇಳಿದ. ಅದು 'ಒಂದ್ನಿಮಿಷ'ವೇ ಇರಬೇಕು. ಆಮೇಲೆ ಗುಂಡಿ ಒತ್ತಿದ.

ಗಡಿಬಿಡಿಯಲ್ಲಿ ಯಾರೂ ವಿಳಾಸ ಕೊಡಲಿಲ್ಲ, ಕೇಳಲೂ ಇಲ್ಲ. ನಮ್ಮ ಒಂದ್ನಿಮಿಷದಣ್ಣ ಹೆಂಡತಿಯ ಪಕ್ಕ ಕೂತು ಬಿಸಿ ಊಟ ಉಣ್ಣುತ್ತಿರುವ ಆ ಚಿತ್ರ ಇವತ್ತು ಪರದೇಶದ ಯಾರದೋ ಮದುವೆಯ ಆಲ್ಬಮಿನಲ್ಲಿ ಇದ್ದರೂ ಇರಬಹುದು. ಇವರಿಬ್ಬರೂ ಯಾವ ಕಡೆಯ ನೆಂಟರೆಂದು ಆ ಮನೆಯವರು ತಲೆ ಕೆಡಿಸಿಕೊಳ್ಳುತ್ತಿರಬಹುದು.

ಅದು ಕೈಗೆ ಬರಲಿಲ್ಲವೆಂದು ಅವಳಿಗೆ ಬೇಸರವಿಲ್ಲ. ಮಗಳ ಮದುವೆಯ ಆ ಖಾಲಿ ಕುರ್ಚಿಯ ಚಿತ್ರವನ್ನು, ಊರಿಗೆ ಬಂದ ವಾರದಲ್ಲಿಯೇ ಅಂಟಿಸಿ ಆಲ್ಬಂ ಮುಗಿಸಿದಳು.

ಮದುವೆ ಮನೆಗಳಲ್ಲಿ ಅವನು ಈಗಲೂ ಕೊನೆಗೇ ಉಣ್ಣುತ್ತಾನೆ. ಕಸುಬು ಬಿಟ್ಟೀತೇ? ಆದರೆ ಮದುವೆಯಿಲ್ಲದ ದಿನಗಳಲ್ಲಿ, ಮಧ್ಯಾಹ್ನ, ಆ ಸ್ಟುಡಿಯೋದ ಬಾಗಿಲು ಅರ್ಧ ಮುಚ್ಚಿರುತ್ತದೆ. ಮೊನ್ನೆ ಪಿಂಚಣಿಯ ಕೆಲಸಕ್ಕೆ ಒಂದು ಫೋಟೋ ಬೇಕಾಗಿ ನಾನು ಮಹಡಿ ಹತ್ತಿ ಬಾಗಿಲು ತಟ್ಟಿದೆ. ಒಳಗಿನಿಂದ ಸಾರಿನ ಪರಿಮಳ ಬಂತು, ಯಾರೋ ಚಮಚದ ಮೇಲೆ ಊದಿದ ಸದ್ದು ಬಂತು, ಆಮೇಲೆ ಅವನ ಧ್ವನಿ.

"ಒಂದ್ನಿಮಿಷ ಮೇಷ್ಟ್ರೇ!"

ನಾನು ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಕಾದೆ.